ದವಡೆಗೆ ಪೆಟ್ಟು ಬಿದ್ದಾಗ: ಬಾಯಿ-ದವಡೆ ಸರ್ಜನ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರದ ವಿಷಯ ದವಡೆ ಮುರಿತ. ಉತ್ತರ ಕೊಡುವವರು ನಮ್ಮ ಗುಂಪಿನ ಡಾಕ್ಟರ್ ಮೇಡಂ. ಆಸ್ಪತ್ರೆಯಲ್ಲಿ ಬಾಯಿ, ದವಡೆ, ಮುಖದ ಗಾಯಗಳಿಗೆ ಆಪರೇಷನ್ ಮಾಡುವವರು. ಪ್ರಶ್ನೆ ಚಿಕ್ಕದಾಗಿರಲಿ. ರೋಗಿಯ ಹೆಸರು, ಫೋಟೋ, ರಿಪೋರ್ಟ್ ಹಾಕಬೇಡಿ. ಫಾರ್ವರ್ಡ್ ಬೇಡವೇ ಬೇಡ.

ಡಾಕ್ಟರ್: ನಮಸ್ಕಾರ. ಡ್ಯೂಟಿ ನಡುವೆ ಬಿಡುವಾದಾಗ ಬಂದು ಉತ್ತರಿಸುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಖಕ್ಕೆ ಪೆಟ್ಟು ಬಿದ್ದವರಿಗೆ ಉಸಿರಾಟದ ಕಷ್ಟ, ನಿಲ್ಲದ ರಕ್ತ, ಪ್ರಜ್ಞೆ ತಪ್ಪಿದ್ದು, ಪದೇ ಪದೇ ವಾಂತಿ, ಮೂಗಿನಿಂದ ನೀರಿನಂಥ ದ್ರವ ಸೋರುವುದು, ಇವುಗಳಲ್ಲಿ ಒಂದಿದ್ದರೂ ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ. ತುರ್ತು ವಿಭಾಗಕ್ಕೆ ಹೋಗಿ. ಗದ್ದದ ಎರಡೂ ಬದಿ ಮುರಿದವರನ್ನು ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಜಾರಿ ಉಸಿರು ಕಟ್ಟಬಹುದು. ಎಚ್ಚರವಿದ್ದು, ಕತ್ತಿಗೆ ಪೆಟ್ಟಿಲ್ಲದಿದ್ದರೆ ಮುಂದಕ್ಕೆ ಬಾಗಿ ಕೂರಲಿ. ರಕ್ತ, ಎಂಜಲು ಹೊರಗೆ ಬರಲಿ.

ರಾತ್ರಿಪಾಳಿ: ಮೇಡಂ, ನನ್ನ ತಮ್ಮ ಬೈಕಿನಿಂದ ಬಿದ್ದ. ಗದ್ದದ ಬಲಗಡೆಗೆ ಪೆಟ್ಟು. ಸಿಟಿ ಸ್ಕ್ಯಾನಿನಲ್ಲಿ ಬಲಗಡೆ ಗದ್ದದ ಹತ್ತಿರ ಒಂದು ಮುರಿತ, ಎಡ ಕಿವಿಯ ಮುಂದೆ ಇನ್ನೊಂದು ಅಂತ ಬಂದಿದೆ. ಎಡಗಡೆಗೆ ಏನೂ ತಾಗಿಯೇ ಇಲ್ಲ ಅಂತಾನೆ. ರಿಪೋರ್ಟ್ ಅದಲುಬದಲಾಗಿರಬಹುದಾ?

ಡಾಕ್ಟರ್: ಇಲ್ಲ. ಇದು ನಾವು ತುಂಬಾ ನೋಡುವ ಜೋಡಿ. ಗಾಜಿನ ಬಳೆಯನ್ನು ಒಂದು ಕಡೆ ಒತ್ತಿ ಮುರಿಯಿರಿ, ಸಾಮಾನ್ಯವಾಗಿ ಇನ್ನೊಂದು ಕಡೆಯೂ ಒಡೆಯುತ್ತದೆ. ಕೆಳದವಡೆ ಎರಡೂ ಕಿವಿಯ ಮುಂದೆ ತಲೆಬುರುಡೆಗೆ ಸೇರಿಕೊಂಡಿದೆ. ಹಾಗಾಗಿ ಅದೂ ಬಳೆಯ ಹಾಗೇ ವರ್ತಿಸುತ್ತದೆ. ಬಲ ಗದ್ದಕ್ಕೆ ಬಿದ್ದ ಪೆಟ್ಟು ಮೂಳೆಯಲ್ಲಿ ಸಾಗಿ ಎಡಗಡೆ ಕೀಲಿನ ಕೆಳಗೆ ಮೂಳೆ ತೆಳುವಾಗುವ ಜಾಗದಲ್ಲಿ ಮುರಿಯುತ್ತದೆ. ಕೀಲಿನೊಳಗೆ ಕೂರುವ ದವಡೆಯ ಆ ತುದಿಗೆ ಕಾಂಡೈಲ್ ಅಂತೀವಿ. ನೇರವಾಗಿ ಗದ್ದದ ಮೇಲೇ ಬಿದ್ದವರಲ್ಲಿ ಗದ್ದದ ನಡುವೆ ಒಂದು, ಎರಡೂ ಕಿವಿಯ ಮುಂದೆ ಒಂದೊಂದು, ಒಟ್ಟು 3 ಕಡೆ ಮುರಿದಿರಬಹುದು. ಆದ್ದರಿಂದ ಒಂದು ಮುರಿತ ಸಿಕ್ಕ ತಕ್ಷಣ ನಾವು ಎರಡನೆಯದನ್ನು ಹುಡುಕುತ್ತೇವೆ. ನಿಮ್ಮ ತಮ್ಮನಿಗೆ ಎರಡನ್ನೂ ಹುಡುಕಿದ್ದಾರೆ, ಒಳ್ಳೆಯದಾಯಿತು.

ಮೂಳೆಗೆ ತನ್ನದೇ ದುರ್ಬಲ ಜಾಗಗಳೂ ಇವೆ. ಕೋರೆಹಲ್ಲಿನ ಬೇರು ಉದ್ದ, ಅಲ್ಲಿ ಗದ್ದದ ಪಕ್ಕದ ಮೂಳೆ ಬೇಗ ಬಿಡುತ್ತದೆ. ಹೊರಗೆ ಬರದೆ ಒಳಗೇ ಉಳಿದ ಬುದ್ಧಿಹಲ್ಲು ಇದ್ದರೆ ದವಡೆಯ ಹಿಂದಿನ ಮೂಲೆ ಮುರಿಯುವ ಸಂಭವ ಜಾಸ್ತಿ. ಹೊಡೆದಾಟದಲ್ಲಿ ಗುದ್ದು ತಿಂದವರಿಗೆ ಎಡ ಮೂಲೆ ಮುರಿದಿರುವುದು ಸಾಮಾನ್ಯ, ಯಾಕೆಂದರೆ ಎದುರಿಗಿದ್ದವರು ಹೆಚ್ಚಾಗಿ ಬಲಗೈಯವರು. ಮುರಿತದ ಜಾಗ ನೋಡಿದರೆ ಪೆಟ್ಟು ಎಲ್ಲಿಂದ ಬಂತು ಅಂತ ಸುಮಾರಾಗಿ ಹೇಳಬಹುದು.

ರಾತ್ರಿಪಾಳಿ: ಈಗ ಅರ್ಥ ಆಯ್ತು. ಧನ್ಯವಾದ ಮೇಡಂ.

ಹೊಸಬ: ದವಡೆ ಮುರಿದಿದೆಯೋ ಬರೀ ಊತವೋ ಅಂತ ಮನೆಯಲ್ಲೇ ತಿಳಿಯುವುದು ಹೇಗೆ?

ಡಾಕ್ಟರ್: ಖಚಿತವಾಗಿ ತಿಳಿಯಲು ಎಕ್ಸ್‌ರೇ ಅಥವಾ ಸಿಟಿ ಬೇಕು. ಆದರೆ ಅನುಮಾನಪಡಲು ಇಷ್ಟು ಸಾಕು. ಹಲ್ಲು ಕಚ್ಚಿದಾಗ ಮೊದಲಿನ ಹಾಗೆ ಕೂರುತ್ತಿಲ್ಲ. ಕೆಳತುಟಿ ಅಥವಾ ಗದ್ದ ಮರಗಟ್ಟಿದೆ. ಹಲ್ಲಿನ ಸಾಲಿನಲ್ಲಿ ಮೆಟ್ಟಿಲು ಬಂದಿದೆ, ಒಸಡು ಹರಿದಿದೆ. ನಾಲಿಗೆ ಎತ್ತಿದರೆ ಕೆಳಗೆ ಕಪ್ಪಗೆ ರಕ್ತ ಕಟ್ಟಿದೆ. ಬಾಯಿ ತೆರೆದಾಗ ಗದ್ದ ಒಂದು ಕಡೆಗೆ ಎಳೆಯುತ್ತದೆ. ಇವುಗಳಲ್ಲಿ ಮೊದಲನೆಯದಕ್ಕೇ ನಾನು ಜಾಸ್ತಿ ಬೆಲೆ ಕೊಡುತ್ತೇನೆ. "ಹಲ್ಲು ಸರಿಯಾಗಿ ಕೂರ್ತಿಲ್ಲ" ಅಂತ ರೋಗಿ ಹೇಳಿದರೆ ನಂಬಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅವರಿಗೆ ಗೊತ್ತಾಗುತ್ತದೆ.

ವೈರ್ ಕಟ್ಟಿದವನು: ನನಗೆ ಮೇಲಿನ ಕೆಳಗಿನ ಹಲ್ಲು ಸೇರಿಸಿ ವೈರ್ ಕಟ್ಟಿದ್ದಾರೆ. ಎಷ್ಟು ವಾರ?

ಡಾಕ್ಟರ್: ದೊಡ್ಡವರಿಗೆ ಸಾಮಾನ್ಯವಾಗಿ 4ರಿಂದ 6 ವಾರ. ಕೀಲಿನ ಮುರಿತವಾದರೆ ಕಡಿಮೆ, ಸುಮಾರು 2 ವಾರಕ್ಕೆ ಬಿಡಿಸಿ ಎಲಾಸ್ಟಿಕ್ ಹಾಕಿ ಬಾಯಿ ಆಡಿಸಲು ಹೇಳುತ್ತೇವೆ. ಕಟ್ಟಿದವರು ಹೇಳಿದ ದಿನಕ್ಕೇ ಹೋಗಿ.

ಹಿರಿಯಣ್ಣ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. "ದವಡೆ ಮುರಿದಿದ್ದರೆ ಆಪರೇಷನ್ ಅಗತ್ಯವೇ ಇಲ್ಲ. ಬಿಸಿ ಎಣ್ಣೆ ಹಚ್ಚಿ ಮೇಲಿನಿಂದ ಕೆಳಗೆ ನೀವಿ, ಸೊಪ್ಪಿನ ಪಟ್ಟು ಹಾಕಿ, ತಲೆ ಸುತ್ತ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ. 7 ದಿನದಲ್ಲಿ ಮೂಳೆ ಕೂಡುತ್ತದೆ. ಕನಿಷ್ಠ 10 ಜನರಿಗೆ ಕಳಿಸಿ."

ಡಾಕ್ಟರ್: ಅಣ್ಣಾ, ದಯವಿಟ್ಟು ತೆಗೆಯಿರಿ. ಮುರಿದ ಮೂಳೆಯನ್ನು ನೀವಿದರೆ ತುಂಡುಗಳು ಸರಿಯುತ್ತವೆ, ಒಳಗಿನ ನರ ಮತ್ತಷ್ಟು ಎಳೆಯುತ್ತದೆ, ರಕ್ತ ಸೋರುತ್ತದೆ. ಹೊಸ ಪೆಟ್ಟಿಗೆ ಶಾಖ ಕೊಟ್ಟರೆ ಊತ ಹೆಚ್ಚುತ್ತದೆ. ಹಲ್ಲಿರುವ ಭಾಗದ ಮುರಿತ ಅಂದರೆ ಬಾಯಿಯ ಒಳಗೆ ತೆರೆದ ಗಾಯ, ಎಂಜಲಿನ ಕ್ರಿಮಿ ನೇರ ಮೂಳೆಗೆ ಹೋಗುತ್ತದೆ. ಹೊರಗೆ ಸೊಪ್ಪು ಮೆತ್ತಿದರೆ ಅದಕ್ಕೇನು ಆಗಬೇಕು? ಇನ್ನು ಆ ಬಿಗಿ ಬಟ್ಟೆ. ಎರಡೂ ಕಡೆ ಮುರಿದ ದವಡೆಯನ್ನು ಹಿಂದಕ್ಕೆ ಎಳೆದು ಕಟ್ಟಿದರೆ ನಾಲಿಗೆಗೆ ಜಾಗ ಇಲ್ಲದೆ ಉಸಿರು ನಿಲ್ಲಬಹುದು. ಮೂಳೆ 7 ದಿನಕ್ಕೆ ಕೂಡುವುದಿಲ್ಲ. ಕೂಡಿದರೂ ಓರೆಯಾಗಿ ಕೂಡಿದರೆ ಅದನ್ನು ಮತ್ತೆ ಒಡೆದು ಜೋಡಿಸಬೇಕಾಗುತ್ತದೆ. ಆ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ.

ಹಿರಿಯಣ್ಣ: ನಮ್ಮ ಹಿರಿಯರು ಹೀಗೇ ವಾಸಿ ಮಾಡಿಕೊಳ್ಳುತ್ತಿದ್ದರು. ಪುರಾತನ ಜ್ಞಾನವನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ.

ಡಾಕ್ಟರ್: ಪುರಾತನ ಅಂದಿರಿ, ಹಾಗಾಗಿ ಹೇಳುತ್ತೇನೆ. ಹಿಪ್ಪೊಕ್ರೇಟಿಸ್ ಹೆಸರಿನ ಗ್ರೀಕ್ ವೈದ್ಯಗ್ರಂಥಗಳಲ್ಲಿ ದವಡೆ ಮುರಿತದ ಚಿಕಿತ್ಸೆ ಇದೆ. ಜರುಗಿದ ಮೂಳೆಯನ್ನು ಜಾಗಕ್ಕೆ ತಂದು, ಮುರಿತದ ಎರಡೂ ಪಕ್ಕದ ಹಲ್ಲುಗಳನ್ನು ಚಿನ್ನದ ತಂತಿಯಿಂದ ಅಥವಾ ನೂಲಿನಿಂದ ಕಟ್ಟಬೇಕು ಅಂತ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ಜಾಗಕ್ಕೆ ತರುವುದು, ಅಲುಗಾಡದಂತೆ ಹಿಡಿಯುವುದು. ಇವತ್ತೂ ನಾವು ಮಾಡುವುದು ಅದನ್ನೇ. ಅಡ್ಮಿನ್, ಆ ಫಾರ್ವರ್ಡ್ ತೆಗೆಯಿರಿ.

ಅಡ್ಮಿನ್: ತೆಗೆದಿದ್ದೇನೆ.

ನೇರಮಾತು: ಅಣ್ಣ ಹೇಳಿದ್ದು ತಪ್ಪಿರಬಹುದು. ಆದರೆ ಆಸ್ಪತ್ರೆಗಳಲ್ಲಿ ಬೇಡದಿದ್ದರೂ ಪ್ಲೇಟ್ ಹಾಕುತ್ತಾರೆ ಅನ್ನುವುದು ಸುಳ್ಳಾ? ನಮ್ಮ ಭಾವನಿಗೆ ಒಬ್ಬರು ವೈರ್ ಸಾಕು ಅಂದರು, ಇನ್ನೊಬ್ಬರು ಪ್ಲೇಟೇ ಬೇಕು ಅಂದರು. ಯಾರನ್ನು ನಂಬೋದು?

ಡಾಕ್ಟರ್: ಇದು ನ್ಯಾಯವಾದ ಪ್ರಶ್ನೆ. ಇಬ್ಬರೂ ಸರಿ ಇರಬಹುದು.

ಮೂಳೆ ಜರುಗಿಲ್ಲ, ಹಲ್ಲು ಸರಿಯಾಗಿ ಕೂರುತ್ತಿದೆ ಅಂದರೆ ಕೆಲವರಿಗೆ ಮೆತ್ತನೆ ಆಹಾರ ಮತ್ತು ವಾರವಾರದ ತಪಾಸಣೆ ಸಾಕು. ಸ್ವಲ್ಪ ಜರುಗಿದ್ದು, ಹಿಡಿದು ಕೂರಿಸಲು ಆಗುವಂತಿದ್ದು, ಬೇಕಾದಷ್ಟು ಹಲ್ಲಿದ್ದರೆ ಹಲ್ಲಿನ ಸಾಲಿಗೆ ಆರ್ಚ್ ಬಾರ್ ಅನ್ನುವ ಲೋಹದ ಪಟ್ಟಿ ಕಟ್ಟಿ ಎರಡೂ ದವಡೆಯನ್ನು ಸೇರಿಸಿ ಬಿಗಿಯಬಹುದು. ಚರ್ಮ ಕೊಯ್ಯುವುದಿಲ್ಲ, ಪ್ಲೇಟ್ ಉಳಿಯುವುದಿಲ್ಲ. ಆದರೆ ವಾರಗಟ್ಟಲೆ ಬಾಯಿ ಮುಚ್ಚಿರಬೇಕು. ತೂಕ ಇಳಿಯುತ್ತದೆ. ಹಲ್ಲು ಉಜ್ಜುವುದು ಕಷ್ಟ. ಬಿಚ್ಚಿದ ಮೇಲೆ ಬಾಯಿ ಬಿಗಿದಿರುತ್ತದೆ.

ಜಾಸ್ತಿ ಜರುಗಿದ್ದರೆ, ಎರಡು ಮೂರು ಕಡೆ ಮುರಿದಿದ್ದರೆ ತೆರೆದು ಟೈಟಾನಿಯಂ ಪ್ಲೇಟ್ ಹಾಕುವುದು ಮೇಲು. 1970ರ ದಶಕದಲ್ಲಿ ಫ್ರಾನ್ಸಿನ ಸರ್ಜನ್‌ಗಳಾದ ಮಿಶೆಲೆ, ಆಮೇಲೆ ಶಾಂಪಿ, ಚಿಕ್ಕ ಪ್ಲೇಟನ್ನು ಬಾಯಿ ಒಳಗಿನಿಂದಲೇ ಹಾಕುವ ದಾರಿ ತೋರಿಸಿದರು. ಕಚ್ಚುವಾಗ ಮೂಳೆ ಎಲ್ಲಿ ಬಿರಿಯುತ್ತದೋ ಆ ಗೆರೆಯ ಮೇಲೆ ಪ್ಲೇಟ್ ಕೂರಿಸಿದರೆ ಚಿಕ್ಕದೇ ಸಾಕು ಅಂತ ಶಾಂಪಿ ಲೆಕ್ಕ ಹಾಕಿದರು. ದವಡೆಯ ಮೂಲೆಯಲ್ಲಿ ಮೇಲಂಚಿಗೆ ಒಂದು ಪ್ಲೇಟ್. ಗದ್ದದ ಮುಂಭಾಗದಲ್ಲಿ ಮೂಳೆ ತಿರುಚಿಕೊಳ್ಳುತ್ತದೆ, ಅಲ್ಲಿ ಎರಡು. ಹೀಗಾಗಿ ಮುಖದ ಮೇಲೆ ಕಲೆ ಇಲ್ಲದೆ ಬೇಗ ಬಾಯಿ ಆಡಿಸಬಹುದಾಯಿತು. ಆದರೆ ಇದಕ್ಕೂ ತೊಡಕುಗಳಿವೆ. ಸೋಂಕು ಆಗಬಹುದು, ನರಕ್ಕೆ ತಾಗಬಹುದು, ಸ್ಕ್ರೂ ಸಡಿಲ ಆಗಬಹುದು.

ಭಾವನ ಡಾಕ್ಟರನ್ನು ಮೂರು ಮಾತು ಕೇಳಿ. ಮೂಳೆ ಎಷ್ಟು ಜರುಗಿದೆ? ಕಚ್ಚುವುದು ಕೆಟ್ಟಿದೆಯಾ? ಆಪರೇಷನ್ ಮಾಡದಿದ್ದರೆ ಏನಾಗುತ್ತದೆ? ಸ್ಕ್ಯಾನ್ ತೋರಿಸಿ ವಿವರಿಸುವಂತೆ ಕೇಳುವುದು ನಿಮ್ಮ ಹಕ್ಕು.

ನೇರಮಾತು: ಇಷ್ಟು ಬಿಡಿಸಿ ಅಲ್ಲಿ ಯಾರೂ ಹೇಳಲಿಲ್ಲ. ಥ್ಯಾಂಕ್ಸ್.

ಸಿಗರೇಟ್ ಬಿಡಬೇಕು: ಪ್ಲೇಟ್ ಹಾಕಿ ಸ್ವಲ್ಪ ದಿನ ಆಯ್ತು. ದಿನಕ್ಕೆ ಒಂದೆರಡು ಸೇದಿದರೆ ಪರವಾಗಿಲ್ಲ ಅಲ್ವಾ?

ಡಾಕ್ಟರ್: ಪರವಾಗಿದೆ. ಸೇದಬೇಡಿ. ಹೊಗೆ ರಕ್ತದ ಓಡಾಟ ಕಡಿಮೆ ಮಾಡುತ್ತದೆ. ಗಾಯ ಬಿರಿದು ಕೀವಾಗುವವರಲ್ಲಿ ಸೇದುವವರು, ಕುಡಿಯುವವರು, ಸಕ್ಕರೆ ಹತೋಟಿಯಲ್ಲಿ ಇಲ್ಲದವರು ಜಾಸ್ತಿ.

ಪುಟ್ಟಿಯ ಅಮ್ಮ: ಮೇಡಂ, ಮಗಳಿಗೆ 6 ವರ್ಷ. ಆಡುವಾಗ ಗದ್ದ ಕೆಳಗಾಗಿ ಬಿದ್ದಳು. ಗದ್ದದ ಕೆಳಗೆ ಸೀಳಿತ್ತು, ಹೊಲಿಗೆ ಹಾಕಿ ಕಳಿಸಿದರು. ಗಾಯ ಚೆನ್ನಾಗಿ ಒಣಗಿದೆ. ಈಗ 3 ವಾರ ಆಯ್ತು. ಬಾಯಿ ಪೂರ್ತಿ ತೆರೆಯಲ್ಲ. ತೆರೆದಾಗ ಗದ್ದ ಬಲಕ್ಕೆ ಹೋಗುತ್ತೆ. ನೋವಿಲ್ಲ ಅಂತಾಳೆ. ಹೊಲಿಗೆ ಬಿಗಿದಿರೋದಕ್ಕೆ ಹೀಗಾ? ಕಾದು ನೋಡೋದಾ?

ಡಾಕ್ಟರ್: ಅಮ್ಮಾ, ಕಾಯಬೇಡಿ. ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಮಕ್ಕಳಿರುವ ಎಲ್ಲರೂ ಓದಿ.

ಗದ್ದದ ಚರ್ಮದ ಗಾಯ ಕಣ್ಣಿಗೆ ಕಾಣುತ್ತದೆ. ರಕ್ತ ಬರುತ್ತದೆ, ಎಲ್ಲರ ಗಮನ ಅಲ್ಲಿಗೇ ಹೋಗುತ್ತದೆ. ಆದರೆ ಆ ಪೆಟ್ಟು ಗದ್ದದಲ್ಲೇ ನಿಂತಿರುವುದಿಲ್ಲ. ಕಿವಿಯ ಮುಂದಿನ ಕೀಲಿಗೆ ಹೋಗಿರುತ್ತದೆ. ಚಿಕ್ಕ ಮಕ್ಕಳಲ್ಲಿ ಕಾಂಡೈಲ್ ಮೆತ್ತಗಿರುತ್ತದೆ, ರಕ್ತನಾಳ ತುಂಬಿರುತ್ತದೆ. ಅದು ಕೀಲಿನ ಒಳಗೇ ಜಜ್ಜಿದಂತಾಗಿ ರಕ್ತ ತುಂಬಿಕೊಳ್ಳುತ್ತದೆ. ಹೊರಗಡೆ ಊತ ಕಾಣದಿರಬಹುದು. ಮಗು ಕೆಲವು ದಿನ ಅತ್ತು ಸುಮ್ಮನಾಗುತ್ತದೆ. ನೋವು ತಪ್ಪಿಸಲು ಬಾಯಿ ಕಡಿಮೆ ತೆರೆಯುವುದನ್ನು ರೂಢಿ ಮಾಡಿಕೊಳ್ಳುತ್ತದೆ. ನಿಮ್ಮ ಮಗಳ ಗದ್ದ ಬಲಕ್ಕೆ ಹೋಗುತ್ತಿದೆ ಅಂದರೆ ನನ್ನ ಅನುಮಾನ ಬಲಗಡೆ ಕೀಲಿನ ಮೇಲೆ. ಮುರಿದ ಕಡೆ ಮುಂದಕ್ಕೆ ಜಾರಲು ಆಗುವುದಿಲ್ಲ, ಸರಿ ಇರುವ ಕಡೆ ಜಾರುತ್ತದೆ. ಅದಕ್ಕೇ ಗದ್ದ ಪೆಟ್ಟಾದ ಕಡೆಗೇ ವಾಲುತ್ತದೆ. ಹೊಲಿಗೆಯ ಬಿಗಿತದಿಂದ ಹೀಗೆ ಆಗುವುದಿಲ್ಲ.

ನನಗೆ ಆತಂಕ ಮುರಿತದ ಬಗ್ಗೆ ಅಲ್ಲ. ಮಕ್ಕಳ ಕಾಂಡೈಲ್ ತಾನಾಗೇ ಚೆನ್ನಾಗಿ ರೂಪ ಪಡೆಯುತ್ತದೆ. ಬಹಳಷ್ಟು ಮಕ್ಕಳಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಆತಂಕ ಇರುವುದು ಕೀಲು ಆಡದೆ ಉಳಿಯುವುದರ ಬಗ್ಗೆ. ಒಳಗೆ ನಿಂತ ರಕ್ತ ಗಟ್ಟಿಯಾಗಿ, ಆಮೇಲೆ ಮೂಳೆಯಾಗಿ, ದವಡೆ ತಲೆಬುರುಡೆಗೆ ಬೆಸೆದುಕೊಳ್ಳಬಹುದು. ಇದಕ್ಕೆ ಅಂಕೈಲೋಸಿಸ್ ಅಂತೀವಿ. ಬಾಯಿಗೆ ಬೆರಳೂ ಹೋಗುವುದಿಲ್ಲ. ಹಲ್ಲುಗಳು ಹಾಳಾದರೂ ಚಿಕಿತ್ಸೆ ಮಾಡಲು ದಾರಿ ಇರುವುದಿಲ್ಲ. ದವಡೆ ಬೆಳೆಯುವುದು ನಿಂತು ಮುಖ ಒಂದು ಕಡೆಗೆ ವಾಲುತ್ತದೆ. ಎರಡೂ ಕಡೆ ಆದರೆ ಗದ್ದವೇ ಒಳಗೆ ಹೋದಂತೆ ಕಾಣುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಇಂಥ ಮಗುವಿಗೆ ಅರಿವಳಿಕೆ ಕೊಡುವುದೂ ಕಷ್ಟ. ಬಾಯಿ ತೆರೆಯದೆ ಉಸಿರಿನ ಕೊಳವೆ ಹಾಕುವುದು ಹೇಗೆ ಹೇಳಿ. ನಾವು ಬೆಸೆದ ಮೂಳೆ ಕತ್ತರಿಸಿ ಬಿಡಿಸುತ್ತೇವೆ. ಆದರೆ ಮತ್ತೆ ಬೆಸೆಯದಂತೆ ವರ್ಷಗಟ್ಟಲೆ ವ್ಯಾಯಾಮ ಬೇಕು.

ಹೆದರಿಸಲು ಬರೆದದ್ದಲ್ಲ. ಮೂಳೆ ಬೆಸೆಯಲು ತಿಂಗಳುಗಳು ಬೇಕು. 3 ವಾರಕ್ಕೆ ನೀವು ಕೇಳಿದ್ದೀರಿ, ಸಮಯ ಇದೆ. ನಾಳೆಯೇ ದವಡೆ ಸರ್ಜನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. "ಗದ್ದಕ್ಕೆ ಪೆಟ್ಟಾಗಿತ್ತು, ಈಗ ಬಾಯಿ ತೆರೆಯುವುದು ಕಡಿಮೆ ಆಗಿದೆ, ಗದ್ದ ಬಲಕ್ಕೆ ಹೋಗುತ್ತದೆ, ಕೀಲು ನೋಡಿ" ಅಂತ ಇದೇ ಮಾತಲ್ಲಿ ಹೇಳಿ. ಚಿಕ್ಕ ಮಕ್ಕಳ ಕೀಲಿನ ಮುರಿತ ಸಾಮಾನ್ಯ ಎಕ್ಸ್‌ರೇಯಲ್ಲಿ ತಪ್ಪಿಹೋಗಬಹುದು, ಸಿಟಿಯಲ್ಲಿ ಸ್ಪಷ್ಟ. ಅಲ್ಲಿಯವರೆಗೆ ನೀವಾಗಿ ಬಾಯಿ ಎಳೆದು ತೆರೆಸಬೇಡಿ. ಬೆಳಕಿನಲ್ಲಿ ಕೂರಿಸಿ, ಅವಳು ತಾನಾಗೇ ಎಷ್ಟು ತೆರೆಯುತ್ತಾಳೋ ಅಷ್ಟರಲ್ಲಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಎಷ್ಟು ಮಿಲಿಮೀಟರ್ ಅಂತ ಅಳೆದು ಬರೆದಿಡಿ.

ಪುಟ್ಟಿಯ ಅಮ್ಮ: ಕೈ ನಡುಗ್ತಾ ಇದೆ ಮೇಡಂ. ಬೆಳಿಗ್ಗೆನೇ ಹೋಗ್ತೀವಿ.

ಡಾಕ್ಟರ್: ಹೋಗಿ ಬನ್ನಿ. ಏನು ಹೇಳಿದರು ಅಂತ ಇಲ್ಲಿ ತಿಳಿಸಿ.

ಹಿರಿಯಣ್ಣ: ಮಗುವಿಗೆ ಸಿಟಿ ಸ್ಕ್ಯಾನ್ ಮಾಡಿಸಿದರೆ ರೇಡಿಯೇಷನ್ ಆಗುತ್ತೆ. ಬೇಡ ಅಮ್ಮಾ, ಹುಷಾರು.

ಡಾಕ್ಟರ್: ಅಣ್ಣಾ, ರೇಡಿಯೇಷನ್ ಇದೆ, ಅದಕ್ಕೇ ಸುಮ್ನೆ ಮಾಡಿಸುವುದಿಲ್ಲ. ಈ ಮಗುವಿಗೆ ಬೇಕು. ಮಕ್ಕಳ ತೂಕಕ್ಕೆ ತಕ್ಕಂತೆ ಪ್ರಮಾಣ ಇಳಿಸಿ ಮಾಡುತ್ತಾರೆ. ಆ ತಾಯಿಯನ್ನು ತಡೆಯಬೇಡಿ.

ಅರ್ಧ ಹೆಲ್ಮೆಟ್: ಬೈಕ್ ಬೀಳೋದರಿಂದಲೇ ಜಾಸ್ತಿ ದವಡೆ ಮುರಿಯೋದು ಅಂದರೆ ಹೆಲ್ಮೆಟ್ ಹಾಕಿದರೆ ಸಾಕಲ್ವಾ?

ಡಾಕ್ಟರ್: ಇಡೀ ಮುಖ ಮುಚ್ಚುವುದು, ಗದ್ದದ ಮುಂದೆ ಗಟ್ಟಿ ಅಡ್ಡಪಟ್ಟಿ ಇರುವುದು ಹಾಕಿ. ಅರ್ಧ ಹೆಲ್ಮೆಟ್ ತಲೆ ಉಳಿಸುತ್ತದೆ, ದವಡೆ ಬಯಲಲ್ಲಿ ಇರುತ್ತದೆ. ಗದ್ದದ ಕೆಳಗಿನ ಪಟ್ಟಿ ಬಿಗಿಯಬೇಕು. ಮುರಿತಕ್ಕೆ ಕಾರಣ ಎಲ್ಲ ಕಡೆ ಒಂದೇ ಅಲ್ಲ. ದ್ವಿಚಕ್ರ ವಾಹನ ಜಾಸ್ತಿ ಇರುವ ಕಡೆ ರಸ್ತೆ ಅಪಘಾತ ಮುಂದೆ, ಬೇರೆ ಕೆಲವು ಕಡೆ ಹೊಡೆದಾಟ. ವಯಸ್ಸಾದವರಲ್ಲಿ ಬೀಳುವುದು. ಎಲ್ಲ ಕಡೆಯೂ ಯುವಕರೇ ಹೆಚ್ಚು.

ಗಾಳಿಸವಾರ: ಮುಖ ಮುಚ್ಚುವ ಹೆಲ್ಮೆಟ್ಟಿನಲ್ಲಿ ಪಕ್ಕದ್ದು ಕಾಣಲ್ಲ, ಕತ್ತು ಮುರಿಯುತ್ತೆ. ನಾನು ಹಾಕಲ್ಲ.

ರಾತ್ರಿಪಾಳಿ: ನನ್ನ ತಮ್ಮನೂ ಇದನ್ನೇ ಹೇಳ್ತಿದ್ದ. ಈಗ ಹೀರುಕೊಳವೆಯಲ್ಲಿ ಊಟ.

ಗಾಳಿಸವಾರ: ನಿಮ್ಮ ತಮ್ಮನಿಗೆ ಓಡಿಸೋಕೆ ಬರಲ್ಲ ಅಂದರೆ ಹೆಲ್ಮೆಟ್ ಏನು ಮಾಡುತ್ತೆ?

ರಾತ್ರಿಪಾಳಿ: ಮಾತು ಸರಿಯಾಗಿ ಆಡಿ. ಹಿಂದಿನಿಂದ ಕಾರ್ ಗುದ್ದಿದ್ದು.

ನೇರಮಾತು: ಇಬ್ಬರೂ ಬಿಡಿ, ಇಲ್ಲಿ ಬೇರೆಯವರು ಪ್ರಶ್ನೆ ಕೇಳ್ತಾ ಇದ್ದಾರೆ.

ಗಾಳಿಸವಾರ: ನಿಮ್ಮನ್ನ ಯಾರು ಕೇಳಿದರು?

ಅಡ್ಮಿನ್: ಹೆಲ್ಮೆಟ್ ಚರ್ಚೆ ಇಲ್ಲಿಗೆ ಸಾಕು. ಮುಂದುವರಿಸಿದರೆ ಇಬ್ಬರನ್ನೂ ತೆಗೆಯಬೇಕಾಗುತ್ತದೆ.

ಚಂದದ ಗದ್ದ: ಮೇಡಂ, ಗದ್ದ ಚೂಪಾಗಿ ಕಾಣೋಕೆ ಏನಾದರೂ ಆಪರೇಷನ್ ಇದೆಯಾ?

ವಾರ್ಡ್ ನರ್ಸ್: ಡಾಕ್ಟರ್, ವಿವರ ಹೇಳದೆ ಕೇಳುತ್ತೇನೆ. ಬೇರೆ ಕಾಯಿಲೆಗೆ ದಾಖಲಾದ ವಯಸ್ಸಾದ ರೋಗಿ ರಾತ್ರಿ ಮಂಚದಿಂದ ಇಳಿಯುವಾಗ ಬಿದ್ದರು. ಹಲ್ಲಿಲ್ಲ, ಕಟ್ಟಿದ ಹಲ್ಲಿನ ಸೆಟ್ ಎರಡು ತುಂಡಾಗಿದೆ. ಗದ್ದ ಊದಿದೆ. ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ. ನೋವಿನ ಮಾತ್ರೆ ಬರೆದಿದ್ದಾರೆ ಅಷ್ಟೇ. ಹಲ್ಲೇ ಇಲ್ಲದಿದ್ದರೆ ಕಚ್ಚುವುದು ಸರಿಯಿದೆಯಾ ಅಂತ ನೋಡುವುದು ಹೇಗೆ?

ಡಾಕ್ಟರ್: ಕೇಳಿದ್ದು ಒಳ್ಳೆಯದಾಯಿತು ಸಿಸ್ಟರ್. ಈಗಲೇ ನಾಲಿಗೆ ಎತ್ತಿಸಿ ಕೆಳಗೆ ನೋಡಿ. ಅಲ್ಲಿ ರಕ್ತ ಕಟ್ಟಿ ಉಬ್ಬಿದ್ದರೆ ಮುರಿತ ಅಂತಲೇ ತಿಳಿಯಿರಿ. ರಕ್ತ ತೆಳುವಾಗುವ ಮಾತ್ರೆ ಇರುವವರಲ್ಲಿ ಆ ಉಬ್ಬು ದೊಡ್ಡದಾಗಿ ನಾಲಿಗೆಯನ್ನು ಮೇಲೆತ್ತಿ ಉಸಿರಿನ ದಾರಿ ಮುಚ್ಚಬಹುದು. ನುಂಗಲು ಕಷ್ಟ, ಧ್ವನಿ ಬದಲಾಗಿದೆ, ಮಲಗಲು ಆಗುತ್ತಿಲ್ಲ ಅಂದರೆ ಡ್ಯೂಟಿ ಡಾಕ್ಟರನ್ನೂ ಅರಿವಳಿಕೆಯವರನ್ನೂ ತಕ್ಷಣ ಕರೆಸಿ. ಮಾತ್ರೆಯ ಮುಂದಿನ ಡೋಸ್ ಕೊಡುವ ಮೊದಲು ಕೇಳಿ. ತಲೆ ಮತ್ತು ಕತ್ತಿನ ಸಿಟಿ ಜೊತೆಗೆ ದವಡೆಯದ್ದೂ ಆಗಲಿ.

ಹಲ್ಲು ಹೋದ ಮೇಲೆ ದವಡೆಯ ಮೂಳೆ ಸವೆಯುತ್ತಾ ಹೋಗುತ್ತದೆ. ಕೆಲವರಲ್ಲಿ ಎತ್ತರ 10 ಮಿಲಿಮೀಟರಿಗಿಂತ ಕಡಿಮೆ ಇರುತ್ತದೆ. ಸಣ್ಣ ಪೆಟ್ಟಿಗೂ ಮುರಿಯುತ್ತದೆ, ಎರಡೂ ಬದಿ ಮುರಿಯುವುದು ಸಾಮಾನ್ಯ. ಒಳಗಿನ ರಕ್ತನಾಳ ಕ್ಷೀಣಿಸಿರುವುದರಿಂದ ಕೂಡುವುದೂ ನಿಧಾನ. ಚಿಕ್ಕ ಪ್ಲೇಟ್ ಇಂಥವರಿಗೆ ಆಗುವುದಿಲ್ಲ, ಭಾರ ಹೊರುವ ದೊಡ್ಡ ಪ್ಲೇಟ್ ಬೇಕು. ಆಪರೇಷನ್ ತಡೆಯುವ ಸ್ಥಿತಿಯಲ್ಲಿ ಇಲ್ಲದವರಿಗೆ ದ್ರವ ಆಹಾರ ಕೊಟ್ಟು ಕಾಯುವುದೂ ಚಿಕಿತ್ಸೆಯೇ. ಸೆಟ್ಟಿನ ತುಂಡುಗಳನ್ನು ಬಿಸಾಡಬೇಡಿ. ಅದನ್ನು ಜೋಡಿಸಿ ದವಡೆಗೆ ಆಸರೆಯಾಗಿ ಕಟ್ಟಬಹುದು. ಎಲ್ಲ ತುಂಡುಗಳೂ ಸಿಕ್ಕಿವೆಯಾ ನೋಡಿ. ಒಂದು ಕಡಿಮೆ ಇದ್ದರೆ ಎದೆಯ ಎಕ್ಸ್‌ರೇ ಬೇಕು, ಉಸಿರಿನ ಕೊಳವೆಗೆ ಹೋಗಿರಬಹುದು. ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ಮಾತ್ರೆ ಅಥವಾ ಇಂಜೆಕ್ಷನ್ ಆಗಿತ್ತಾ, ಬಾಯಿಯ ಕ್ಯಾನ್ಸರ್‌ಗೆ ವಿಕಿರಣ ಕೊಟ್ಟಿದ್ದರಾ ಅಂತ ಹಳೆಯ ಕೇಸ್ ಶೀಟ್ ತೆಗೆದು ನೋಡಿ. ಆಗಿದ್ದರೆ ಮೂಳೆ ಮೊದಲೇ ಕಾಯಿಲೆಯಾಗಿದ್ದು, ಬೀಳುವುದು ನೆಪ ಮಾತ್ರ ಆಗಿರಬಹುದು.

ಇನ್ನೊಂದು. ಯಾಕೆ ಬಿದ್ದರು? ರಕ್ತದೊತ್ತಡ ಇಳಿದಿತ್ತಾ, ಸಕ್ಕರೆ ಇಳಿದಿತ್ತಾ, ಫಿಟ್ಸ್ ಬಂದಿತ್ತಾ? ಕೈಯೂರದೆ ನೇರ ಗದ್ದದ ಮೇಲೆ ಬಿದ್ದವರು ಎಷ್ಟೋ ಸಲ ಬೀಳುವ ಮೊದಲೇ ಪ್ರಜ್ಞೆ ಕಳೆದುಕೊಂಡಿರುತ್ತಾರೆ.

ವಾರ್ಡ್ ನರ್ಸ್: ನಾಲಿಗೆ ಕೆಳಗೆ ಕಪ್ಪಗಿದೆ. ಕರೆಸುತ್ತಿದ್ದೇನೆ.

ಪ್ರಯಾಣಿ: ಟೈಟಾನಿಯಂ ಪ್ಲೇಟ್ ತೆಗೆಸಬೇಕಾ? ಎಂಆರ್‌ಐ ಮಾಡಿಸಬಹುದಾ?

ಡಾಕ್ಟರ್: ತೊಂದರೆ ಕೊಡದಿದ್ದರೆ ತೆಗೆಸಬೇಕಿಲ್ಲ. ಬೆಳೆಯುವ ಮಕ್ಕಳಲ್ಲಿ ತೆಗೆಯುವುದುಂಟು. ಎಂಆರ್‌ಐ ಸಾಮಾನ್ಯವಾಗಿ ಮಾಡಿಸಬಹುದು. ಪ್ಲೇಟ್ ಇದೆ ಅಂತ ಮೊದಲೇ ಹೇಳಿ.

ತುಟಿ ಮರಗಟ್ಟಿದೆ: ಆಪರೇಷನ್ ಆಗಿ 2 ತಿಂಗಳು. ಕೆಳತುಟಿ ಇನ್ನೂ ಜೋಮು.

ಡಾಕ್ಟರ್: ಪೆಟ್ಟಿನಲ್ಲೇ ನರಕ್ಕೆ ತಾಗಿರಬಹುದು. ಹಿಗ್ಗಿದ ನರ ನಿಧಾನಕ್ಕೆ ಚೇತರಿಸುತ್ತದೆ, ತಿಂಗಳುಗಳು ಹಿಡಿಯಬಹುದು. ಚುಚ್ಚಿದಂತೆ, ಇರುವೆ ಹರಿದಂತೆ ಅನಿಸಲು ಶುರುವಾದರೆ ಒಳ್ಳೆಯ ಸೂಚನೆ. ಬಿಸಿ ಪಾನೀಯದಲ್ಲಿ ತುಟಿ ಸುಟ್ಟರೂ ತಿಳಿಯುವುದಿಲ್ಲ, ಜಾಗ್ರತೆ. ಬದಲಾವಣೆಯೇ ಇಲ್ಲದಿದ್ದರೆ ನಿಮ್ಮ ಸರ್ಜನ್‌ಗೆ ತೋರಿಸಿ.

ಹೊಸಬ 2: ವೈರ್ ಎಷ್ಟು ವಾರ ಇಡಬೇಕು ಮೇಡಂ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಹೆಸರು ಬೇಡ: ಅಕ್ಕನಿಗೆ ದವಡೆಯ ಎಡಗಡೆ ಮುರಿದಿದೆ. ಮೆಟ್ಟಿಲಿನಿಂದ ಬಿದ್ದೆ ಅಂತಾಳೆ. ಹೋದ ವರ್ಷ ಕೈ ಮುರಿದಿತ್ತು, ಆಗಲೂ ಮೆಟ್ಟಿಲು. ಡಾಕ್ಟರ್ ಮುಂದೆ ಭಾವನೇ ಎಲ್ಲ ಉತ್ತರ ಕೊಡ್ತಾರೆ. ನಾನು ಏನು ಕೇಳಬೇಕು ಅಂತಲೇ ಗೊತ್ತಾಗ್ತಿಲ್ಲ.

ಡಾಕ್ಟರ್: ನಿಮ್ಮ ಅನುಮಾನ ನನಗೆ ಅರ್ಥವಾಯಿತು. ಬರೀ ಮುರಿತ ನೋಡಿ ಯಾರ ಮೇಲೂ ಹೊರಿಸಲು ಆಗುವುದಿಲ್ಲ. ಆದರೆ ಮೆಟ್ಟಿಲಿನಿಂದ ಬಿದ್ದವರಿಗೆ ಮೊಣಕೈ, ಅಂಗೈ, ಮೊಣಕಾಲಿನಲ್ಲಿ ತರಚು ಗಾಯ ಇರುತ್ತದೆ. ಅದೇನೂ ಇಲ್ಲದೆ ದವಡೆಯ ಒಂದು ಮೂಲೆ ಮಾತ್ರ ಮುರಿದಿದ್ದರೆ ನಾವೂ ಯೋಚಿಸುತ್ತೇವೆ. ವಾರ್ಡಿನ ಡಾಕ್ಟರಿಗೆ ಅಥವಾ ನರ್ಸ್‌ಗೆ "ಅಕ್ಕನ ಜೊತೆ ಒಬ್ಬರೇ ಇರುವಾಗ ಮಾತಾಡಿ" ಅಂತ ಗುಟ್ಟಾಗಿ ಹೇಳಿ. ಅವಳನ್ನು ಭಾವನ ಮುಂದೆ ಏನೂ ಕೇಳಬೇಡಿ, ಒತ್ತಾಯವೂ ಬೇಡ. ಡಿಸ್ಚಾರ್ಜ್ ಆದ ಮೇಲೆ ನಿಮ್ಮಲ್ಲಿಗೆ ಬರಬಹುದು ಅಂತ ಅವಳಿಗೆ ತಿಳಿದಿರಲಿ. ನಿಮಗೆ ಖಾಸಗಿಯಾಗಿ ಮೆಸೇಜ್ ಮಾಡಿದ್ದೇನೆ, ನೋಡಿ.

ಗಾಳಿಸವಾರ: ಸಂಸಾರದ ವಿಷಯಕ್ಕೆ ಡಾಕ್ಟರ್ ಯಾಕೆ ತಲೆ ಹಾಕಬೇಕು?

ಡಾಕ್ಟರ್: ಮುರಿದ ಮೂಳೆ ಜೋಡಿಸಿ ಮತ್ತೆ ಅದೇ ಪೆಟ್ಟಿಗೆ ಕಳಿಸುವುದು ಚಿಕಿತ್ಸೆ ಅಲ್ಲ. ಈ ಪ್ರಶ್ನೆಯ ಕೆಳಗೆ ಇನ್ಯಾರೂ ಬರೆಯಬೇಡಿ.

ಅಡ್ಮಿನ್: ಗಾಳಿಸವಾರ ಅವರನ್ನು ತೆಗೆದಿದ್ದೇನೆ.

ಹಲ್ಲು ಉದುರಿತು: ಆಟದಲ್ಲಿ ಮುಂದಿನ ಹಲ್ಲು ಬೇರು ಸಮೇತ ಬಂದುಬಿಟ್ಟರೆ?

ಡಾಕ್ಟರ್: ಬೇರು ಮುಟ್ಟಬೇಡಿ, ಉಜ್ಜಬೇಡಿ. ಮೇಲ್ಭಾಗ ಹಿಡಿದು ಕೊಳೆ ಇದ್ದರೆ ಕ್ಷಣಕಾಲ ನೀರಿನಲ್ಲಿ ತೊಳೆದು ಜಾಗಕ್ಕೇ ಕೂರಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿ ಓಡಿ. ಅರ್ಧ ಗಂಟೆಯೊಳಗೆ ಹೋದಷ್ಟೂ ಒಳ್ಳೆಯದು. ಹಾಲುಹಲ್ಲನ್ನು ಮತ್ತೆ ಕೂರಿಸುವುದಿಲ್ಲ.

ವೈರ್ ಕಟ್ಟಿದವನು: ಮೇಡಂ, ವೈರ್ ಇರುವಾಗ ವಾಂತಿ ಬಂದರೆ ಏನು ಮಾಡೋದು? ರಾತ್ರಿ ಭಯ ಆಗುತ್ತೆ.

ಡಾಕ್ಟರ್: ಮುಂದಕ್ಕೆ ಬಾಗಿ, ತುಟಿ ಕೆನ್ನೆ ಬೆರಳಿನಿಂದ ಅಗಲಿಸಿ. ನೀವು ತಿನ್ನುತ್ತಿರುವುದು ದ್ರವ, ಹಲ್ಲಿನ ಸಂದಿಯಿಂದ ಹೊರಗೆ ಬರುತ್ತದೆ. ಮಲಗಿದಲ್ಲೇ ಇರಬೇಡಿ. ವೈರ್ ಕತ್ತರಿ ಯಾವಾಗಲೂ ಜೊತೆಗಿರಲಿ, ಎಲಾಸ್ಟಿಕ್ ಆದರೆ ಸಾಮಾನ್ಯ ಕತ್ತರಿ ಸಾಕು. ಯಾವ ವೈರ್ ಕತ್ತರಿಸಬೇಕು ಅಂತ ನಿಮ್ಮ ಡಾಕ್ಟರ್ ಹತ್ತಿರ ತೋರಿಸಿಕೊಂಡು, ಜೊತೆಯಲ್ಲಿ ಮಲಗುವವರಿಗೂ ಕಲಿಸಿ. ಉಸಿರು ಕಟ್ಟಿದರೆ ಯೋಚಿಸದೆ ಕತ್ತರಿಸಬೇಕು. ಮತ್ತೆ ಕಟ್ಟಬಹುದು. ತಲೆದಿಂಬು ಎತ್ತರಿಸಿ ಮಲಗಿ, ಮದ್ಯ ಮುಟ್ಟಬೇಡಿ.

ಹಿರಿಯಣ್ಣ: ವೀಡಿಯೋ ಒಂದಿದೆ, ಕಿವಿ ಹತ್ತಿರ ಒಂದು ಬಿಂದು ಒತ್ತಿದರೆ ಬಿಗಿದ ಬಾಯಿ ತೆರೆಯುತ್ತಂತೆ. ಪುಟ್ಟಿಯ ಅಮ್ಮನಿಗೆ ಕಳಿಸಿದ್ದೇನೆ.

ಡಾಕ್ಟರ್: ಅಣ್ಣಾ, ಆ ಮಗುವಿನ ಮುರಿದಿರಬಹುದಾದ ಕೀಲಿನ ಮೇಲೇ ಒತ್ತಲು ಹೇಳುತ್ತಿದ್ದೀರಿ. ಮೂರನೇ ಸಲ ಹೇಳುತ್ತಿದ್ದೇನೆ. ದಯವಿಟ್ಟು ನಿಲ್ಲಿಸಿ.

ಹಿರಿಯಣ್ಣ: ಒಳ್ಳೆಯದು ಮಾಡೋಕೆ ಹೋದರೆ ಹೀಗೆ. ಡಾಕ್ಟರಾದರೆ ವಯಸ್ಸಿಗೆ ಮರ್ಯಾದೆ ಇಲ್ಲವಾ?

ವಾರ್ಡ್ ನರ್ಸ್: ಮರ್ಯಾದೆ ಇದೆ ಅಣ್ಣಾ. ಮಗುವಿನ ದವಡೆಯೂ ಇದೆ. ಮೇಡಂ, ನಮ್ಮ ರೋಗಿಗೆ ಎರಡೂ ಬದಿ ಮುರಿತ ಅಂತ ಬಂತು. ಉಸಿರಾಟ ಸರಿ ಇದೆ, ಐಸಿಯುನಲ್ಲಿ ಇಟ್ಟಿದ್ದಾರೆ.

ಹೊಸಬ 3: ಎಷ್ಟು ವಾರ ವೈರ್ ಇರುತ್ತೆ?

ರಾತ್ರಿಪಾಳಿ: ಮೇಲೆ ಓದಿ ಸ್ವಾಮಿ. ಎರಡು ಸಲ ಕೇಳಿ ಆಗಿದೆ.

ಗೊರಕೆ: ದವಡೆ ಮುಂದಕ್ಕೆ ತಂದರೆ ಗೊರಕೆ ನಿಲ್ಲುತ್ತಾ?

ಪುಟ್ಟಿಯ ಅಮ್ಮ: ಮೇಡಂ, ಸಿಟಿ ಆಯ್ತು. ಬಲ ಕಾಂಡೈಲ್ ಮುರಿದಿದೆ, ಕೀಲಿನ ಒಳಗೇ. ಬೆಸೆದಿಲ್ಲ ಅಂದರು. ಆಪರೇಷನ್ ಬೇಡ, ವ್ಯಾಯಾಮ ಮಾಡಿಸಿ ಅಂತ ಮರದ ಚಪ್ಪಟೆ ಕಡ್ಡಿಗಳನ್ನು ಕೊಟ್ಟಿದ್ದಾರೆ. ಬಾಯಿ 22 ಮಿಲಿಮೀಟರ್ ತೆರೆಯುತ್ತೆ. ವೀಡಿಯೋ ನಾನು ನೋಡಲಿಲ್ಲ. ಅವಳು ಅಳ್ತಾಳೆ, ನೋವಾದರೂ ಮಾಡಿಸಲೇಬೇಕಾ?

ಡಾಕ್ಟರ್: ಮಾಡಿಸಲೇಬೇಕು, ಆದರೆ ಅಳಿಸಿ ಅಲ್ಲ. ಅವರು ಕೊಟ್ಟ ನೋವಿನ ಔಷಧ ಅರ್ಧ ಗಂಟೆ ಮೊದಲು ಕೊಡಿ. ಈಗ ಹಲ್ಲಿನ ನಡುವೆ ಆರಾಮಾಗಿ ಎಷ್ಟು ಕಡ್ಡಿ ಹೋಗುತ್ತದೋ ಅಷ್ಟರಿಂದ ಶುರು ಮಾಡಿ. ಒಂದೊಂದೇ ಕಡ್ಡಿ ಸೇರಿಸುತ್ತಾ ಹೋಗಿ. ಎಷ್ಟು ಸಲ, ಎಷ್ಟು ಹೊತ್ತು ಅನ್ನುವುದು ಅವರು ಬರೆದುಕೊಟ್ಟಂತೆಯೇ ಇರಲಿ. ಕನ್ನಡಿ ಮುಂದೆ ಕೂರಿಸಿ, ಗದ್ದ ನೇರ ಇಳಿಯುವಂತೆ ತೆರೆಯಲು ಹೇಳಿ. ದಿನಾ ಅಳೆದು ಪುಸ್ತಕದಲ್ಲಿ ಬರೆಯಿರಿ. ಅವಳದೇ 3 ಬೆರಳು ನಿಲ್ಲಿಸಿ ಒಳಗೆ ಹೋಗುವಂತಾಗುವುದು ನಮ್ಮ ಗುರಿ. ಒಂದು ವಾರ ಅಳತೆ ಏರದೆ ಅಲ್ಲೇ ನಿಂತರೆ, ಅಥವಾ ಇಳಿದರೆ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಹೋಗಿ. ಬಾಯಿ ಪೂರ್ತಿ ತೆರೆದ ಮೇಲೂ ಬೆಳವಣಿಗೆ ಮುಗಿಯುವವರೆಗೆ ವರ್ಷಕ್ಕೊಮ್ಮೆ ಮುಖದ ಎರಡೂ ಬದಿ ಸಮವಾಗಿ ಬೆಳೆಯುತ್ತಿದೆಯಾ ಅಂತ ತೋರಿಸುತ್ತಿರಬೇಕು.

ಪುಟ್ಟಿಯ ಅಮ್ಮ: ಸರಿ ಮೇಡಂ. ಇವತ್ತಿನಿಂದಲೇ ಬರೆದಿಡ್ತೀನಿ.

ಅಡ್ಮಿನ್: ಮೇಡಂ ಅವರಿಗೆ ಆಪರೇಷನ್ ಇದೆ. ಕಾಮೆಂಟ್ ಮುಚ್ಚುತ್ತಿದ್ದೇನೆ.